ಪಿಯುಸಿ ಆಯ್ತು, ಡಿಗ್ರಿ ಅರ್ಜಿ ಹಾಕೋದು ಹೇಗೆ?

ಬಿಂಡಿಗನವಿಲೆ ಕಡೆಯವರಾ? ಪಿಯುಸಿ ಪಾಸಾಯ್ತಾ? ನಾಗಮಂಗಲದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿರಲಿ, ಮಂಡ್ಯ, ಮೈಸೂರಿರಲಿ, ಬಿಎ, ಬಿಕಾಂ, ಬಿಎಸ್ಸಿಗೆ ಅರ್ಜಿ ಹಾಕೋದು ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. 2021ರಿಂದ ಈ ವ್ಯವಸ್ಥೆ ಬಂದಿದೆ.

ಆದರೆ ಸೈಬರ್ ಸೆಂಟರ್‌ಗೆ ಓಡೋ ಮುಂಚೆ ನಾಡಕಚೇರಿಗೆ ಹೋಗಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅದರಲ್ಲಿ ‘ಆರ್‌ಡಿ’ಯಿಂದ ಶುರುವಾಗೋ ಉದ್ದನೆಯ ಸಂಖ್ಯೆ ಇರುತ್ತಲ್ಲ, ಮೀಸಲಾತಿ ಕೇಳೋಕೆ ಅದೇ ಆಧಾರ. ಆದಾಯ ಪತ್ರದ ಅವಧಿ 5 ವರ್ಷ ಅಷ್ಟೇ. ಹೈಸ್ಕೂಲಲ್ಲಿ ಮಾಡಿಸಿದ್ದಾದರೆ ದಿನಾಂಕ ಒಮ್ಮೆ ನೋಡಿಕೊಳ್ಳಿ. ಮುಂದೆ ಎಸ್‌ಎಸ್‌ಪಿ ಸ್ಕಾಲರ್‌ಶಿಪ್‌ಗೂ ಇದು ಬೇಕೇ ಬೇಕು.

ಇನ್ನು ಹೆಸರು. ಆಧಾರ್‌ನಲ್ಲಿ ‘ಕಾವ್ಯ ಬಿ.ಎನ್.’, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ‘ಕಾವ್ಯ ಎನ್.’ ಅಂತಿದ್ದರೆ ಈಗಲೇ ಆಧಾರ್ ತಿದ್ದಿಸಿ. ಕೊನೇ ದಿನದಲ್ಲಿ ಪರದಾಡೋದು ಬೇಡ.

ನನಗೆ ತುಂಬಾ ಮುಖ್ಯ ಅನ್ನಿಸೋದು ಪೋರ್ಟಲ್‌ನಲ್ಲಿ ಕೊಡೋ ಮೊಬೈಲ್ ನಂಬರ್. ಒಟಿಪಿ ಬೇಗ ಬರಲಿ ಅಂತ ಅಂಗಡಿಯವರ ನಂಬರ್ ಹಾಕಿಸಲೇಬೇಡಿ. ಮುಂದೆ ಪರೀಕ್ಷೆ ಅರ್ಜಿ ಹಾಕೋದು, ಫಲಿತಾಂಶ ನೋಡೋದು ಎಲ್ಲಾ ಇದೇ ಪೋರ್ಟಲ್ ಲಾಗಿನ್‌ನಲ್ಲಿ. ನಿಮ್ಮದೋ ಅಪ್ಪ-ಅಮ್ಮಂದೋ ನಂಬರ್ ಕೊಡಿ. ಪಾಸ್‌ವರ್ಡ್ ನೋಟ್‌ಬುಕ್ಕಲ್ಲಿ ಬರೆದಿಡಿ.

ಕಾಲೇಜು, ಕೋರ್ಸು ಆರಿಸಿ ಸಬ್ಮಿಟ್ ಒತ್ತಿದಿರಾ? ಸೀಟು ಇನ್ನೂ ಸಿಕ್ಕಿಲ್ಲ. ಅರ್ಜಿಯ ಪ್ರಿಂಟು, ಮೂಲ ಅಂಕಪಟ್ಟಿ, ಟಿಸಿ ತಗೊಂಡು ಕಾಲೇಜಿಗೆ ಹೋಗಿ. ಅಲ್ಲಿ ದಾಖಲೆ ಪರಿಶೀಲನೆ ಮುಗಿದು, ಫೀಸ್ ಕಟ್ಟಿ, ರಸೀದಿ ಕೈಗೆ ಬರೋವರೆಗೂ ಬೆನ್ನು ಬಿಡಬೇಡಿ.