ಕಾಲೇಜು ಆವರಣದಲ್ಲಿ ಲೈಂಗಿಕ ದೌರ್ಜನ್ಯ ತಡೆ: ಯುವಕರ ಪಾತ್ರ

ಕಾಲೇಜು ಆವರಣದಲ್ಲಿ ಲೈಂಗಿಕ ದೌರ್ಜನ್ಯ ತಡೆಯುವುದು ಕೇವಲ ವಿದ್ಯಾರ್ಥಿನಿಯರ ಎಚ್ಚರಿಕೆಗೆ ಬಿಟ್ಟ ವಿಷಯವಲ್ಲ. ಅಶ್ಲೀಲ ಮಾತಿಗೆ ಸ್ನೇಹಿತರು ನಕ್ಕರೆ ಕಿರುಕುಳ ನೀಡುವವನು ಅದನ್ನೇ ಸಮ್ಮತಿಯೆಂದು ಭಾವಿಸುತ್ತಾನೆ. ಗೆಳೆಯನೊಬ್ಬನು ಅಲ್ಲಿಯೇ ಆಕ್ಷೇಪಿಸಿದಲ್ಲಿ ಹಿಂಜರಿಯುವ ಸಂಭವವುಂಟು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2015ರ ವಿನಿಯಮಗಳನ್ವಯ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರತಕ್ಕದ್ದು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಸದಸ್ಯರಾಗಿರುತ್ತಾರೆ, ಯುವಕರೂ ಆಯ್ಕೆಯಾಗಬಹುದು. ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ಸಲ್ಲಿಸಬೇಕು. ನೊಂದವರು ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯದಿಂದ ದೂರು ನೀಡಲಾಗದಿದ್ದಲ್ಲಿ ಸಹಪಾಠಿಯೂ ಸಲ್ಲಿಸಬಹುದು. ಉಳಿದಂತೆ ಸಮಿತಿಗೆ ದೂರು ನೀಡುವ ನಿರ್ಧಾರ ನೊಂದವರದೇ. ಸ್ನೇಹಿತರು ಒತ್ತಾಯಿಸಬಾರದು, ತಡೆಯಲೂಬಾರದು.

ಕಂಡದ್ದನ್ನು ಸಮಿತಿಯ ಮುಂದೆ ಹೇಳುವ ಸಾಕ್ಷಿಯ ಗುರುತನ್ನು ಬಹಿರಂಗಪಡಿಸುವಂತಿಲ್ಲ. ಕಣ್ಣೆದುರೇ ಅಪಾಯವಿದ್ದಲ್ಲಿ ಸಮಿತಿಗಾಗಿ ಕಾಯದೆ 112ಕ್ಕೆ ಕರೆ ಮಾಡತಕ್ಕದ್ದು.