ತಾಯಿ ಕಾಯಕಕ್ಕೆ ಹೊರಟಾಗ ಕೂಸಿಗೆ ಹಾಲುಣಿಸುವ ಬಗೆ

ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಭಕ್ತಾದಿಗಳು ಪ್ರಸಾದಕ್ಕೆ ತೆರಳುತ್ತಿದ್ದ ಸಮಯ. ಶಿಕ್ಷಕಿಯಾಗಿರುವ ತಾಯಿಯೊಬ್ಬರು ನಾಲ್ಕೂವರೆ ತಿಂಗಳ ಕೂಸನ್ನೆತ್ತಿಕೊಂಡು ತಮ್ಮ ಅತ್ತೆಯವರೊಡನೆ ನಮ್ಮ ಬಳಿಗೆ ಬಂದರು. ರಜೆಯ ಒಂದು ಭಾಗ ಹೆರಿಗೆಗೆ ಮುನ್ನವೇ ಕಳೆದುಹೋಗಿತ್ತು. ಇನ್ನು ಮೂರು ವಾರಗಳಲ್ಲಿ ಅವರು ಶಾಲೆಗೆ ಮರಳಬೇಕಿತ್ತು. ಆದರೆ ಬಾಟಲಿಯನ್ನು ಕಂಡೊಡನೆ ಕೂಸು ಮುಖ ತಿರುಗಿಸಿ ಚೀರುತ್ತಿತ್ತು. ‘ಒಂದು ದಿನ ಎದೆಹಾಲು ಕೊಡಬೇಡ, ಹಸಿವಾದರೆ ತಾನೇ ಕುಡಿಯುತ್ತದೆ’ ಎಂದು ನೆರೆಯವರು ಹೇಳಿದ್ದರು. ಹಾಗೆಯೇ ಮಾಡಿದ ದಿನ ಕೂಸು ಮಧ್ಯಾಹ್ನದವರೆಗೂ ಅತ್ತು ದಣಿಯಿತು, ತಾಯಿಯೂ ಅತ್ತರು, ಬಾಟಲಿ ಮಾತ್ರ ತುಂಬಿದಂತೆಯೇ ಉಳಿಯಿತು. ‘ನೌಕರಿಯನ್ನೇ ಬಿಟ್ಟುಬಿಡಲೇ?’ ಎಂದು ಆ ತಾಯಿ ಕೇಳಿದಾಗ ಅವರ ದನಿಯಲ್ಲಿದ್ದ ನೋವು ನಮ್ಮನ್ನು ಕಲಕಿತು.

ಇದು ಒಂದು ಮನೆಯ ಕಥೆಯಲ್ಲ. ಕಚೇರಿ, ಶಾಲೆ, ಕಾರ್ಖಾನೆ, ಹೊಲಗದ್ದೆಗಳಿಗೆ ಮರಳುವ ಅಸಂಖ್ಯ ತಾಯಂದಿರು ಈ ಸಂಕಟವನ್ನು ಮೌನವಾಗಿ ಅನುಭವಿಸುತ್ತಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನೇ ವಿವರಿಸಲು ಬಯಸುತ್ತೇವೆ.

ಕೂಸಿನದು ಹಟವಲ್ಲ

ಎದೆಹಾಲು ಕುಡಿಯುವುದೂ ಬಾಟಲಿಯಿಂದ ಕುಡಿಯುವುದೂ ಒಂದೇ ಕ್ರಿಯೆಯಲ್ಲ. ತಾಯಿಯ ಎದೆಯಲ್ಲಿ ಕೂಸು ಬಾಯಿಯನ್ನು ಅಗಲವಾಗಿ ತೆರೆದು, ಮೊಲೆತೊಟ್ಟಿನೊಡನೆ ಅದರ ಸುತ್ತಲಿನ ಕಪ್ಪು ಭಾಗವನ್ನೂ ಬಾಯೊಳಗೆ ತೆಗೆದುಕೊಂಡು, ನಾಲಗೆಯನ್ನು ಅಲೆಯಂತೆ ಆಡಿಸಿ ಹಾಲನ್ನು ಸೆಳೆಯುತ್ತದೆ. ಕೂಸು ಚೀಪಿದಂತೆ ಹಾಲು ಇಳಿಯುತ್ತದೆ, ನಿಲ್ಲಿಸಿದರೆ ಕಡಿಮೆಯಾಗುತ್ತದೆ. ಬಾಟಲಿಯಲ್ಲಿಯಾದರೋ ಹಾಲು ತಾನಾಗಿಯೇ ಸುರಿಯುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಬಾಯಿಗೆ ತಾಗಿದ್ದನ್ನು ಚೀಪುವುದು ಕೂಸಿನ ಸಹಜ ಪ್ರತಿಕ್ರಿಯೆ. ಮೂರು ನಾಲ್ಕು ತಿಂಗಳು ತುಂಬುವ ವೇಳೆಗೆ ಅದು ಇಚ್ಛೆಯ ಕ್ರಿಯೆಯಾಗುತ್ತದೆ, ಬೇಡವೆಂದರೆ ಬೇಡವೇ. ತಾಯಿಯ ಮೈಗಂಧ, ಎದೆಯ ಬಿಸುಪು, ಹಾಲಿನ ರುಚಿ ಇವೆಲ್ಲ ಸೇರಿ ಕೂಸಿಗೆ ‘ಊಟ’ವೆಂಬ ಅರಿವು ಮೂಡಿರುತ್ತದೆ. ಅಲ್ಲಿಗೆ ರಬ್ಬರಿನ ತೊಟ್ಟು ಬಂದಾಗ ಅದು ತಿರಸ್ಕರಿಸುವುದು ಹಟಮಾರಿತನವಲ್ಲ, ತಿಳಿವಳಿಕೆಯ ಲಕ್ಷಣ.

ಆದುದರಿಂದ ಹಸಿವಿನಿಂದ ಬಳಲಿಸಿ ಕಲಿಸುವ ಮಾರ್ಗ ಸರಿಯಲ್ಲ. ಹಸಿದು ಅಳುತ್ತಿರುವ ಕೂಸು ಹೊಸದೇನನ್ನೂ ಕಲಿಯಲಾರದು. ನೀರಿನಂಶ ಕಡಿಮೆಯಾಗಿ ಅದರ ಆರೋಗ್ಯ ಕೆಡುವ ಭಯವೂ ಉಂಟು. ಇತ್ತ ಎದೆ ಬಿಗಿದು ತಾಯಿಯೂ ನರಳುತ್ತಾಳೆ.

ಬಾಟಲಿಯೇ ಆಗಬೇಕೆಂದಿಲ್ಲ

ಅಂದು ಆ ಶಿಕ್ಷಕಿಯ ಅತ್ತೆಯವರು ಹೇಳಿದ ಒಂದು ಮಾತು ನಮಗೆ ಬಹಳ ಹಿಡಿಸಿತು. ‘ನಮ್ಮ ಕಾಲದಾಗ ಬಾಟ್ಲಿ ಎಲ್ಲಿತ್ತರೀ? ಒಳಲೆಯಿಂದನ ಹಾಲು ಕುಡಿಸಿ ಮಕ್ಕಳನ್ನ ಬೆಳೆಸಿದ್ವಿ. ಇವಳ ಗಂಡಗ ಹಾಕಿದ ಬೆಳ್ಳಿ ಒಳಲೆ ಇನ್ನೂ ಟ್ರಂಕಿನಾಗ ಐತಿ’ ಎಂದರು. ಅವರು ನೆನಪಿಸಿದ್ದು ಇಂದಿನ ವೈದ್ಯರು ಹೇಳುವುದನ್ನೇ. ಎದೆಹಾಲನ್ನು ಹಿಂಡಿ ಕುಡಿಸಬೇಕಾದಾಗ ಬಾಟಲಿಗಿಂತ ಲೋಟ, ಚಮಚ ಅಥವಾ ಒಳಲೆ ಮೇಲೆಂಬುದು ಮಕ್ಕಳ ತಜ್ಞರ ಸಾಮಾನ್ಯ ಅಭಿಪ್ರಾಯ. ಬಾಟಲಿಯ ಕತ್ತು, ತೊಟ್ಟು, ಉಂಗುರಗಳ ಸಂದಿಯಲ್ಲಿ ಹಾಲಿನ ಅಂಶ ಉಳಿದು ರೋಗಾಣು ಬೆಳೆಯುತ್ತವೆ. ಭೇದಿಗೆ ಅದೇ ಮೂಲವಾಗಬಹುದು. ಒಳಲೆಯಾದರೆ ತೆರೆದ ಬಟ್ಟಲು, ತೊಳೆಯಲು ಸುಲಭ. ಬಾಟಲಿಯ ಹಾವಳಿಯನ್ನು ತಡೆಯಲೆಂದೇ ನಮ್ಮ ದೇಶದಲ್ಲಿ 1992ರ ಕಾಯಿದೆಯೊಂದು ಶಿಶು ಹಾಲಿನ ಪುಡಿ ಮತ್ತು ಹಾಲುಣಿಸುವ ಬಾಟಲಿಗಳ ಜಾಹೀರಾತನ್ನು ನಿಷೇಧಿಸಿದೆ.

ಆದರೆ ಹಳೆಯ ಪದ್ಧತಿಯಲ್ಲಿ ತಿದ್ದಿಕೊಳ್ಳಬೇಕಾದವೂ ಇವೆ. ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಬಾಯಿಗೆ ಒಳಲೆಯಿಂದ ಹಾಲನ್ನು ಹೊಯ್ಯುವ ರೂಢಿ ಅಪಾಯಕರ. ಹಾಲು ಶ್ವಾಸನಾಳಕ್ಕೆ ಸೇರಬಹುದು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಬಳಸಲೇಬಾರದು. ಹಾಲಿನಲ್ಲಿ ಸೇರುವ ತಾಮ್ರದ ಅಂಶ ಎಳೆಯ ಮಕ್ಕಳ ಯಕೃತ್ತನ್ನು ಕೆಡಿಸುತ್ತದೆ. ಸ್ಟೀಲು ಅಥವಾ ಬೆಳ್ಳಿಯದು ಸುರಕ್ಷಿತ.

ಅಭ್ಯಾಸದ ಕ್ರಮ

ಕೆಲಸಕ್ಕೆ ಮರಳುವ ಎರಡು ಮೂರು ವಾರ ಮುಂಚೆ ಅಭ್ಯಾಸವನ್ನು ಆರಂಭಿಸಬೇಕು. ಹಾಲುಣಿಸುವವರು ತಾಯಿಯಾಗದೆ ತಂದೆಯೋ ಅಜ್ಜಿಯೋ ಆಗಿರಲಿ. ತಾಯಿ ಎದುರಿಗಿದ್ದರೆ ಕೂಸು ಎದೆಯನ್ನೇ ಅರಸುವುದು ಸಹಜ. ಆ ಹೊತ್ತಿನಲ್ಲಿ ಆಕೆ ಬೇರೆ ಕೋಣೆಯಲ್ಲಿರುವುದು ಒಳಿತು. ತಾಯಿ ಉಟ್ಟ ಸೀರೆಯ ತುಂಡೊಂದು ಉಣಿಸುವವರ ಮಡಿಲಲ್ಲಿದ್ದರೆ ಕೂಸಿಗೆ ಪರಿಚಿತ ಗಂಧ ದೊರೆಯುತ್ತದೆ.

ಕೂಸು ಎಚ್ಚರವಾಗಿ, ನಗುನಗುತ್ತ, ಅರೆಹಸಿವಿನಲ್ಲಿರುವ ಸಮಯವನ್ನು ಆರಿಸಿಕೊಳ್ಳಬೇಕು. ಕತ್ತು ಬೆನ್ನುಗಳಿಗೆ ಆಸರೆ ಕೊಟ್ಟು ಬಹುತೇಕ ನೇರವಾಗಿ ಕುಳ್ಳಿರಿಸಿಕೊಳ್ಳಬೇಕು. ಒಳಲೆಯ ಅಥವಾ ಪುಟ್ಟ ಲೋಟದ ಅಂಚು ಕೆಳದುಟಿಯ ಮೇಲೆ ಹಗುರವಾಗಿ ಕೂರಲಿ. ಹಾಲು ತುಟಿಗೆ ತಾಗುವಷ್ಟು ಮಾತ್ರ ಬಾಗಿಸಲಿ. ಕೂಸು ತಾನೇ ನಾಲಗೆ ಚಾಚಿ ಹೀರುತ್ತದೆ. ಬಾಯಿಗೆ ಸುರಿಯಬಾರದು. ಒಂದು ಗುಟುಕು ನುಂಗಿದ ಬಳಿಕವೇ ಮತ್ತೊಂದು. ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ಮೊದಲ ದಿನ ಎರಡು ಚಮಚ ಹಾಲು ಹೊಟ್ಟೆಗೆ ಹೋದರೂ ಸಾಕು. ಹತ್ತು ನಿಮಿಷ ಪ್ರಯತ್ನಿಸಿ ಒಪ್ಪದಿದ್ದರೆ ಬಿಟ್ಟು, ತುಸು ಹೊತ್ತು ಆಡಿಸಿ, ತಾಯಿಯ ಮಡಿಲಿಗೆ ಕೊಡಬೇಕು. ಪ್ರತಿದಿನ ಒಂದು ಬಾರಿ, ಒಂದೇ ವೇಳೆಗೆ, ಬೇಸರವಿಲ್ಲದೆ ಇದು ನಡೆಯಲಿ.

ಅನಿವಾರ್ಯವಾಗಿ ಬಾಟಲಿಯನ್ನೇ ಬಳಸುವವರು ಹಾಲು ನಿಧಾನವಾಗಿ ಇಳಿಯುವ ತೊಟ್ಟನ್ನು ಆರಿಸಿಕೊಳ್ಳಬೇಕು. ತೊಟ್ಟನ್ನು ಬಾಯೊಳಗೆ ತುರುಕದೆ ತುಟಿಗೆ ತಾಗಿಸಿ, ಕೂಸು ಬಾಯ್ದೆರೆಯುವವರೆಗೆ ಕಾಯಬೇಕು. ಬಾಟಲಿಯನ್ನು ಅಡ್ಡಲಾಗಿ ಹಿಡಿದು ನಡುನಡುವೆ ವಿರಾಮ ಕೊಡಬೇಕು. ದಿಂಬಿಗೆ ಆನಿಸಿಟ್ಟು ಕುಡಿಸುವುದು, ಬಾಟಲಿಯೊಡನೆ ನಿದ್ದೆಗೆ ಬಿಡುವುದು ಸಲ್ಲದು. ಪ್ರತಿ ಬಾರಿಯೂ ಬಿಡಿಭಾಗಗಳನ್ನು ಬೇರ್ಪಡಿಸಿ ತೊಳೆದು, ನೀರಿನಲ್ಲಿ ಮುಳುಗಿಸಿ ಕುದಿಸಬೇಕು.

ಹಾಲಿನ ಸಂಗ್ರಹ

ಎದೆಹಾಲನ್ನು ಕೈಯಿಂದಲೇ ಹಿಂಡಬಹುದು. ಕೈಗಳನ್ನು ಸಾಬೂನಿನಿಂದ ತೊಳೆದು, ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಬಳಿಕ ಬೆರಳುಗಳನ್ನು ಕೂಡಿಸಿ ಹಿಂಡಿ ಸಡಿಲಿಸಬೇಕು. ತೊಟ್ಟನ್ನು ಎಳೆಯಬಾರದು. ಕುದಿಸಿ ಆರಿಸಿದ, ಮುಚ್ಚಳವಿರುವ ಸ್ಟೀಲಿನ ಪಾತ್ರೆಯಲ್ಲಿ ಹಾಲನ್ನು ಇಡಬೇಕು. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಇಡಬಹುದು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಆ ಭರವಸೆ ಬೇಡ. ಒಡನೆಯೇ ಫ್ರಿಜ್ಜಿನಲ್ಲಿಡಬೇಕು, ಬಾಗಿಲಿನ ಬದಿಗಲ್ಲ, ಒಳಭಾಗದಲ್ಲಿ. ಒಂದು ದಿನದೊಳಗೆ ಬಳಸುವುದು ಕ್ಷೇಮ.

ಈ ಹಾಲನ್ನು ಕಾಯಿಸಬಾರದು. ಪಾತ್ರೆಯನ್ನು ಬೆಚ್ಚನೆಯ ನೀರಿನಲ್ಲಿ ಕೆಲಹೊತ್ತು ಇಟ್ಟರೆ ಸಾಕು. ಮೇಲೆ ಕೆನೆ ನಿಂತಿದ್ದರೆ ಕೆಟ್ಟಿತೆಂದು ಭಾವಿಸದೆ ಮೆಲ್ಲನೆ ಅಲುಗಾಡಿಸಿ ಬೆರೆಸಬೇಕು. ಕೂಸು ಕುಡಿದು ಉಳಿಸಿದ್ದನ್ನು ಮುಂದಿನ ಹೊತ್ತಿಗೆ ಎತ್ತಿಡಬಾರದು. ಅಭ್ಯಾಸದ ಮೊದಲ ದಿನಗಳಲ್ಲಿ ಆಗತಾನೇ ಹಿಂಡಿದ ಹಾಲನ್ನೇ ಕೊಟ್ಟರೆ ರುಚಿ ಬದಲಾಗಿರುವುದಿಲ್ಲ.

ಹಾಲು ಕುಡಿಯಲಿಲ್ಲವೆಂದು ಜೇನು, ಸಕ್ಕರೆ ನೀರು, ಹಸುವಿನ ಹಾಲುಗಳನ್ನು ಕೊಡಬಾರದು. ಆರು ತಿಂಗಳವರೆಗೆ ಬೇಸಿಗೆಯಲ್ಲಿಯೂ ಕೂಸಿಗೆ ಬೇರೆ ನೀರು ಬೇಡ. ಜೇನು ವರ್ಷ ತುಂಬುವವರೆಗೂ ಬೇಡ.

ಮನೆಯವರ ಹೊಣೆ

ಕೆಲವು ಕೂಸುಗಳು ಹಗಲಿನಲ್ಲಿ ಸ್ವಲ್ಪವೇ ಕುಡಿದು, ತಾಯಿ ಮನೆಗೆ ಬಂದ ಮೇಲೆ ಸಂಜೆ ಮತ್ತು ರಾತ್ರಿ ಹೆಚ್ಚಾಗಿ ಎದೆಹಾಲು ಕುಡಿದು ಸರಿದೂಗಿಸುತ್ತವೆ. ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ಮೂತ್ರ ಮಾಡುತ್ತ, ಚಟುವಟಿಕೆಯಿಂದಿದ್ದು, ತೂಕ ಏರುತ್ತಿದ್ದರೆ ಭಯಪಡಬೇಕಿಲ್ಲ. ಮೂತ್ರ ಕಡಿಮೆಯಾಗುವುದು, ಬಾಯಿ ಒಣಗುವುದು, ಅತ್ತರೂ ಕಣ್ಣೀರು ಬಾರದಿರುವುದು, ಮಂಕಾಗಿ ಬಿದ್ದಿರುವುದು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ದೊರೆಯಿತು. ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುನ್ನ ಪಡೆಯಬಹುದು. ಐವತ್ತು ಮತ್ತು ಹೆಚ್ಚು ಮಂದಿ ದುಡಿಯುವೆಡೆ ಶಿಶುಪಾಲನಾ ಕೇಂದ್ರವಿರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬಹುದೆಂದೂ ಆ ತಿದ್ದುಪಡಿ ವಿಧಿಸಿತು. ಹೆರಿಗೆಯ ನಂತರಕ್ಕೆ ಹೆಚ್ಚು ರಜೆ ಉಳಿಸಿಕೊಂಡರೆ ಕೂಸು ಆರು ತಿಂಗಳ ಸಮೀಪಕ್ಕೆ ಬಂದಿರುತ್ತದೆ. ಆರು ತಿಂಗಳು ತುಂಬಿದೊಡನೆ ರಾಗಿ ಸರಿ, ಮೆತ್ತಗೆ ಬೇಯಿಸಿ ಮಸೆದ ಅನ್ನ ಬೇಳೆ ಆರಂಭವಾಗುವುದರಿಂದ ಅಂಥ ಮನೆಗಳಿಗೆ ಬಾಟಲಿಯ ಅಗತ್ಯವೇ ಬೀಳದು. ಕೂಲಿಗೆ ಹೋಗುವ ತಾಯಿಗೆ ಈ ರಜೆ ಇಲ್ಲ. ಆಕೆ ಮಧ್ಯಾಹ್ನ ಮನೆಗೆ ಬಂದು ಹಾಲೂಡಿ ಹೋಗಲು ಕೆಲಸ ಕೊಡುವವರು ಬಿಡುವು ಕೊಡುವುದು ಧರ್ಮ.

ಆ ಶಿಕ್ಷಕಿಯವರ ಮನೆಯಲ್ಲಿ ಟ್ರಂಕಿನ ಒಳಲೆ ಹೊರಬಂದಿತು. ಮೊದಲ ನಾಲ್ಕು ದಿನ ಹಾಲು ಬಟ್ಟೆಗೆ ಚೆಲ್ಲಿದ್ದೇ ಹೆಚ್ಚು. ಎರಡನೆಯ ವಾರ ಅಜ್ಜಿಯ ಮಡಿಲಲ್ಲಿ ಕೂಸು ಅರ್ಧ ಬಟ್ಟಲು ಕುಡಿಯಿತು. ಈಗ ಆ ತಾಯಿ ಶಾಲೆಗೆ ಹೋಗುತ್ತಿದ್ದಾರೆ. ಹಗಲು ಒಳಲೆ, ಸಂಜೆ ತಾಯಿಯ ಎದೆ, ಹೀಗೆ ಕೂಸು ಹೊಂದಿಕೊಂಡಿದೆಯೆಂದು ಅತ್ತೆಯವರು ಸಂತಸದಿಂದ ತಿಳಿಸಿದರು.

ಕಾಯಕಕ್ಕೆ ಹೊರಟ ತಾಯಿಯನ್ನು ‘ಕೂಸನ್ನು ಅಳಿಸಿ ಹೋಗುತ್ತಾಳೆ’ ಎಂದು ಯಾರೂ ನೋಯಿಸದಿರಲಿ. ಆಕೆ ಹಿಂಡಿಟ್ಟ ಹಾಲನ್ನು ತಾಳ್ಮೆಯಿಂದ ಕುಡಿಸುವ ಕೈಗಳು ಮನೆಯಲ್ಲಿರಲಿ. ಕೂಸಿನ ಕಲಿಕೆಗಿಂತ ಮೊದಲು ಆಗಬೇಕಾದುದು ಮನೆಯವರ ಕಲಿಕೆ ಎಂಬುದೇ ನಮ್ಮ ಅರಿಕೆ. ಶರಣು ಶರಣಾರ್ಥಿ.