ಡಿಗ್ರಿ ಮುಗೀತು, ಇನ್ನು ಯಾವ ಇತಿಹಾಸ ಓದೋಣ?

"ಉಸ್ತಾದ್, ಎಂ.ಎ. ಆಯ್ತು. ಇನ್ನು ಯಾವ ಹಿಸ್ಟರಿ ಬುಕ್ ಓದ್ಲಿ?" ಎಂದು ಕೇಳುವವರು ನಮ್ಮ ಜಮಾಅತ್‌ಗಳಲ್ಲಿ ಈಗ ಒಬ್ಬಿಬ್ಬರಾದರೂ ಸಿಗುತ್ತಾರೆ. ಸಂತೋಷ. ಹೆಚ್ಚಿನವರು ಕೇಳುವುದೂ ಇಲ್ಲ. ಪರೀಕ್ಷೆ ಮುಗಿದ ದಿನವೇ ಪುಸ್ತಕ ಅಟ್ಟಕ್ಕೆ. ಆಮೇಲೆ ಇತಿಹಾಸ ಅಂದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು. ಬ್ಯಾರಿಗಳು ಎಲ್ಲಿಂದ ಬಂದವರು ಎಂದು ಯಾರಾದರೂ ಕೆಣಕಿದರೆ ಉತ್ತರವೂ ಅಲ್ಲಿಂದಲೇ.

ಕೇಳಿದವರಿಗೆ ನಾವು ಹೇಳುವುದಿಷ್ಟು: ದಪ್ಪ ಪುಸ್ತಕಕ್ಕೆ ಈಗಲೇ ಕೈ ಹಾಕಬೇಡಿ. ಇಬ್ನ್ ಖಲ್ದೂನರ ಮುಖದ್ದಿಮಾ ದೊಡ್ಡ ಗ್ರಂಥವೇ, ಆದರೆ ಅದು ಶೋಕೇಸಿನಲ್ಲೇ ಉಳಿದ ಮನೆಗಳನ್ನು ಕಂಡಿದ್ದೇವೆ. ಮೊದಲು ಇಬ್ನ್ ಬತೂತರ ಪ್ರವಾಸಕಥನದಲ್ಲಿ ಮಂಗಳೂರಿನ ಭಾಗ ಓದಿ. ಒಂದೆರಡು ಪುಟ, ಅಷ್ಟೆ.

1342ರ ಸುಮಾರಿಗೆ ಅವರು ಹಡಗಿನಲ್ಲಿ ಇಲ್ಲಿಗೆ ಬಂದರು. ಊರಿನ ಹೊರಗೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದರಂತೆ. ಖಾಝಿ ಬದ್ರುದ್ದೀನ್ ಮಅಬರಿ ಶಾಫಿಈ ಮದ್‌ಹಬ್‌ನವರು, ಪಾಠವನ್ನೂ ಹೇಳುತ್ತಿದ್ದರು. (ಅದನ್ನು ಓದಿದಾಗ ನಮ್ಮ ಕಸುಬಿನ ಹಿರಿಯರೊಬ್ಬರು ಸಿಕ್ಕಂತಾಯಿತು.) ಖಾಝಿ ಹಡಗಿಗೇ ಬಂದು ಊರಿಗೆ ಕರೆದರು. ರಾಜನ ಮಗ ಒತ್ತೆಯಾಗಿ ಹಡಗಿಗೆ ಬಂದರೆ ಮಾತ್ರ ಇಳಿಯುತ್ತೇವೆ ಎಂದರು ಇಬ್ನ್ ಬತೂತ. ಬಾರಕೂರಿನಲ್ಲಿ ಹಾಗೇ ಆಗಿತ್ತು. ಅಲ್ಲಿ ಮುಸ್ಲಿಮರಿಗೆ ಬಲ ಇಲ್ಲ, ಇಲ್ಲಿನ ರಾಜ ನಮಗೆ ಹೆದರುತ್ತಾನೆ ಎಂದರು ಖಾಝಿ. ಆದರೂ ರಾಜನ ಮಗ ಬಂದ ಮೇಲೆಯೇ ಇವರು ಇಳಿದದ್ದು.

"ರಾಜ ಹೆದರುತ್ತಾನೆ" ಎಂಬಷ್ಟನ್ನೇ ಕತ್ತರಿಸಿ ಸ್ಟೇಟಸ್ ಹಾಕುವುದು ಸುಲಭ. ನಮ್ಮವರು ಹೆಮ್ಮೆಗೆ ಹಾಕಬಹುದು, ಬೇರೆಯವರು ದ್ವೇಷಕ್ಕೆ. ಆದರೆ ಪಕ್ಕದಲ್ಲೇ ಇನ್ನೊಂದು ಮಾತಿದೆ: ಊರವರಿಗೂ ಮುಸ್ಲಿಮರಿಗೂ ಆಗಾಗ ಜಗಳ ಆಗುತ್ತದೆ, ರಾಜ ರಾಜಿ ಮಾಡಿಸುತ್ತಾನೆ, ಯಾಕೆಂದರೆ ಅವನಿಗೆ ವ್ಯಾಪಾರಿಗಳು ಬೇಕು. ಖಾಝಿಯವರ ಮಾತನ್ನು ಎಷ್ಟು ನಂಬಬೇಕು ಎಂಬುದು ಇಲ್ಲಿ ತೂಗಬೇಕಾದ ಸಂಗತಿ. ಇಬ್ನ್ ಬತೂತ ಇದನ್ನೆಲ್ಲ ಬರೆಸಿದ್ದು ಹತ್ತು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ, ಮೊರಾಕ್ಕೋದಲ್ಲಿ, ಬಹುಪಾಲು ನೆನಪಿನಿಂದ. ಹಾಗಾಗಿ 4,000 ಎಂಬುದು ಜನಗಣತಿಯ ಲೆಕ್ಕವಲ್ಲ.

ಮುಂದಿನ ಪುಸ್ತಕ ಇಲ್ಲಿಂದಲೇ ಹುಟ್ಟುತ್ತದೆ. ಆ ವ್ಯಾಪಾರಿಗಳು ಯಾರು? ಅಮಿತಾವ್ ಘೋಷ್ 1992ರಲ್ಲಿ ಬರೆದ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಹಿಡಿಯಿರಿ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ, ಅವನ ಕೆಲಸದಾಳು ಬೊಮ್ಮ ಅದರಲ್ಲಿ ಬರುತ್ತಾರೆ. ಪತ್ರಗಳು ಉಳಿದದ್ದು ಕೈರೋದ ಯಹೂದಿ ಮಂದಿರದಲ್ಲಿ. ಭಾಷೆ ಅರಬಿ, ಅಕ್ಷರ ಹೀಬ್ರೂ. ಅರಬಿ ಮಲಯಾಳಂ ಕಲಿತ ನಮ್ಮ ಮದ್ರಸ ಮಕ್ಕಳಿಗೆ ಇದು ವಿಚಿತ್ರ ಅನ್ನಿಸಲಾರದು.

1498ರಲ್ಲಿ ಪೋರ್ಚುಗೀಸರು ಬಂದ ಮೇಲೆ ಈ ವ್ಯಾಪಾರಕ್ಕೆ ಏನಾಯಿತು ಎಂಬುದಕ್ಕೆ ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ತುಹ್ಫತುಲ್ ಮುಜಾಹಿದೀನ್ ಇದೆ. ಬಿಜಾಪುರದ ಅಲಿ ಆದಿಲ್ ಶಾಹನಿಗೆ ಅರ್ಪಿಸಿದ ಪುಸ್ತಕ. ಪೋರ್ಚುಗೀಸರ ವಿರುದ್ಧ ಜನರನ್ನು ಎಬ್ಬಿಸಲೆಂದೇ ಬರೆದದ್ದು, ಅದನ್ನು ತಿಳಿದೇ ಓದಬೇಕು. ಅರಬಿ ಬಾರದವರಿಗೆ ಹುಸೈನ್ ನೈನಾರರ ಇಂಗ್ಲಿಷ್ ಅನುವಾದವಿದೆ.

ಇಲ್ಲಿನ ರಾಜರ ಕಡೆಯ ಕಥೆ, ಶಾಸನಗಳ ವಿಷಯ ಬೇಕಾದರೆ ಗುರುರಾಜ ಭಟ್ಟರು 1975ರಲ್ಲಿ ತಂದ ತುಳುವ ಚರಿತ್ರೆ ನೋಡಿ. ಬ್ಯಾರಿಗಳ ಬಗ್ಗೆಯೇ ಬರೆದ ಪುಸ್ತಕಗಳು ಇವೆಲ್ಲದರ ನಂತರ ಸಾಕು, ಆಗ ಯಾವ ಮಾತಿಗೆ ಆಧಾರ ಇದೆ, ಯಾವುದಕ್ಕೆ ಇಲ್ಲ ಎಂದು ನಿಮಗೇ ಗೊತ್ತಾಗುತ್ತದೆ.

ಎಲ್ಲವನ್ನೂ ಕೊಳ್ಳಬೇಕೆಂದಿಲ್ಲ, ನೀವು ಕಲಿತ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ ನೋಡಿ. ಇಂಗ್ಲಿಷ್ ಕಷ್ಟವಾದರೆ ಇಬ್ಬರು ಸೇರಿ ಓದಿ. ಇಶಾ ಆದ ಮೇಲೆ ಅರ್ಧ ಗಂಟೆ ಧಾರಾಳ ಸಾಕು.